ಮಾದರಿ ಹಾಯಿಹಡಗಿನ ಹಗ್ಗಜೋಡಣೆ

ಮಾದರಿ ಹಾಯಿಹಡಗಿನ ಹಗ್ಗಜೋಡಣೆ ಎಂದರೆ ಮರದಿಂದ ಕಿರಿದಾಗಿ ನಿರ್ಮಿಸಿದ ಹಾಯಿಹಡಗಿನಲ್ಲಿ ಕೂವೆಮರಗಳನ್ನು ಆಧರಿಸುವ ಹಾಗೂ ಹಾಯಿಗಳನ್ನು ನಿಯಂತ್ರಿಸುವ ಹಗ್ಗಗಳನ್ನು ದಾರಗಳಿಂದ ಅಳತೆಗೆ ತಕ್ಕಂತೆ ಕಟ್ಟುವ ಕೆಲಸ. ಇದು ಹವ್ಯಾಸಿ ಹಡಗುಮಾದರಿ ನಿರ್ಮಾಣದ ಕೊನೆಯ ಹಾಗೂ ಹೆಚ್ಚು ತಾಳ್ಮೆ ಬೇಡುವ ಹಂತ. ಒಂದು ಹಡಗು ಗಾಳಿಯನ್ನು ಹೇಗೆ ಬಳಸಿಕೊಳ್ಳುತ್ತಿತ್ತು ಎಂಬುದು ಅದರ ಹಗ್ಗಗಳ ವ್ಯವಸ್ಥೆಯಿಂದ ತಿಳಿದುಬರುತ್ತದೆ. ಉಡುಪಿ ಜಿಲ್ಲೆಯೂ ಸೇರಿದಂತೆ ಕರ್ನಾಟಕದ ಕರಾವಳಿಯಲ್ಲಿ ಹಿಂದೆ ಸಂಚರಿಸುತ್ತಿದ್ದ ಪತ್ತೆಮಾರಿ, ಮಂಜಿ ಮೊದಲಾದ ಹಡಗುಗಳ ಹಗ್ಗವ್ಯವಸ್ಥೆ ಯುರೋಪಿನ ಹಡಗುಗಳದ್ದಕ್ಕಿಂತ ಭಿನ್ನವಾದುದು.

ಹಗ್ಗಗಳ ವಿಧಗಳು

ಹಾಯಿಹಡಗಿನ ಹಗ್ಗಗಳನ್ನು ಸ್ಥಿರ ಹಗ್ಗಗಳು ಮತ್ತು ಚಲ ಹಗ್ಗಗಳು ಎಂದು ಎರಡಾಗಿ ವಿಂಗಡಿಸಲಾಗುತ್ತದೆ. ಕೂವೆಮರವು ಮುಂದಕ್ಕೆ, ಹಿಂದಕ್ಕೆ ಅಥವಾ ಪಕ್ಕಕ್ಕೆ ವಾಲದಂತೆ ಬಿಗಿಹಿಡಿಯುವವು ಸ್ಥಿರ ಹಗ್ಗಗಳು. ಯುರೋಪಿನ ಹಡಗುಗಳಲ್ಲಿ ಇವಕ್ಕೆ ಡಾಂಬರಿನಂತಹ ಮರದ ಎಣ್ಣೆಯನ್ನು ಬಳಿಯುತ್ತಿದ್ದುದರಿಂದ ಮಾದರಿಗಳಲ್ಲಿ ಕಪ್ಪು ಅಥವಾ ಗಾಢ ಕಂದು ಬಣ್ಣದ ದಾರವನ್ನು ಬಳಸಲಾಗುತ್ತದೆ. ಹಾಯಿಯನ್ನು ಏರಿಸಲು, ಇಳಿಸಲು ಮತ್ತು ತಿರುಗಿಸಲು ಬಳಸುವವು ಚಲ ಹಗ್ಗಗಳು. ಇವು ಕಪ್ಪಿಗಳ ಮೂಲಕ ಹಾದುಹೋಗುತ್ತವೆ. ಇವಕ್ಕೆ ತಿಳಿ ಕಂದು ಬಣ್ಣದ ದಾರ ಸೂಕ್ತ.

ಅಳತೆ ಮತ್ತು ಸಾಮಗ್ರಿ

ಮಾದರಿಗಳನ್ನು ಸಾಮಾನ್ಯವಾಗಿ 1:48, 1:64, 1:72 ಅಥವಾ 1:96ರ ಪ್ರಮಾಣದಲ್ಲಿ ನಿರ್ಮಿಸುತ್ತಾರೆ. 24 ಮೀಟರ್ ಉದ್ದದ ಹಡಗು 1:48ರಲ್ಲಿ 50 ಸೆಂಟಿಮೀಟರ್ ಆಗುತ್ತದೆ. 48 ಮಿಲಿಮೀಟರ್ ದಪ್ಪದ ಹಗ್ಗಕ್ಕೆ 1 ಮಿಲಿಮೀಟರ್ ದಾರ ಬೇಕಾಗುತ್ತದೆ. ಹಳೆಯ ನೌಕಾಗ್ರಂಥಗಳಲ್ಲಿ ಹಗ್ಗದ ಅಳತೆಯನ್ನು ವ್ಯಾಸದಲ್ಲಿ ಹೇಳದೆ ಸುತ್ತಳತೆಯಲ್ಲಿ ಹೇಳುವ ರೂಢಿಯಿತ್ತು. ಆದುದರಿಂದ ಗ್ರಂಥದ ಅಂಕಿಯನ್ನು 3.14ರಿಂದ ಭಾಗಿಸಿ, ಬಂದ ವ್ಯಾಸವನ್ನು ಮಾದರಿಯ ಪ್ರಮಾಣಕ್ಕೆ ಇಳಿಸಬೇಕು. ಇದನ್ನು ಗಮನಿಸದಿದ್ದರೆ ಹಗ್ಗಗಳು ಮೂರು ಪಟ್ಟು ದಪ್ಪವಾಗಿ ಕಾಣುತ್ತವೆ.

ಹತ್ತಿ, ನಾರಗಸೆ ಮತ್ತು ಪಾಲಿಯೆಸ್ಟರ್ ದಾರಗಳು ಬಳಕೆಯಲ್ಲಿವೆ. ಕೆಲವರು ಮೂರು ಎಳೆಗಳನ್ನು ಹೊಸೆದು ಹಗ್ಗವನ್ನು ತಾವೇ ತಯಾರಿಸುತ್ತಾರೆ. ದಾರದ ಮೇಲಿನ ನವಿರು ಎಳೆಗಳು ಅಡಗಲು ಜೇನುಮೇಣವನ್ನು ಸವರುವುದುಂಟು. ಕೂವೆಮರಕ್ಕೆ ನೇರ ಎಳೆಯ ಮರ ಅಥವಾ ಬಿದಿರಿನ ಸಲಾಕೆ ಹೊಂದುತ್ತದೆ.

ಜೋಡಣೆಯ ಕ್ರಮ

ಸ್ಥಿರ ಹಗ್ಗಗಳನ್ನು ಮೊದಲು, ಚಲ ಹಗ್ಗಗಳನ್ನು ಅನಂತರ ಕಟ್ಟಲಾಗುತ್ತದೆ. ಕೆಳಗಿನಿಂದ ಮೇಲಕ್ಕೆ, ನಡುವಿನಿಂದ ಹೊರಕ್ಕೆ ಸಾಗುವುದು ಸಾಮಾನ್ಯ ನಿಯಮ. ಇಲ್ಲವಾದರೆ ಒಳಗಿನ ಗಂಟುಗಳಿಗೆ ಚಿಮಟ ತಲುಪುವುದಿಲ್ಲ. ಯುರೋಪಿನ ಹಡಗಿನಲ್ಲಿ ಪಕ್ಕದ ಆಧಾರ ಹಗ್ಗಗಳನ್ನು ಜೋಡಿಜೋಡಿಯಾಗಿ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಹಾಕುತ್ತಾ ಹೋಗುತ್ತಾರೆ. ಇದರಿಂದ ಕೂವೆಮರದ ಮೇಲೆ ಎಳೆತ ಸಮವಾಗಿರುತ್ತದೆ. ಅವುಗಳ ಕೆಳತುದಿಯನ್ನು ಮೂರು ತೂತುಗಳ ಮರದ ಬಿಲ್ಲೆಗಳ ಮೂಲಕ ಬಿಗಿಯಲಾಗುತ್ತದೆ. ನಾವಿಕರು ಹತ್ತುವ ಹಗ್ಗದ ಮೆಟ್ಟಿಲುಗಳ ನಡುವಿನ ಅಂತರ ಸುಮಾರು 33 ಸೆಂಟಿಮೀಟರ್. 1:64ರ ಮಾದರಿಯಲ್ಲಿ ಅದು ಸುಮಾರು 5 ಮಿಲಿಮೀಟರ್. ಹಗ್ಗಗಳು ಜೋಲದಿರುವಷ್ಟು ಬಿಗಿ ಸಾಕು. ಹೆಚ್ಚು ಎಳೆದರೆ ಕೂವೆಮರ ಬಾಗಿ, ಮೊದಲು ಕಟ್ಟಿದ ಹಗ್ಗಗಳು ಸಡಿಲವಾಗುತ್ತವೆ.

ಕನ್ನಡ ಕರಾವಳಿಯ ಹಡಗುಗಳು

ಮಲ್ಪೆ, ಹಂಗಾರಕಟ್ಟೆ, ಗಂಗೊಳ್ಳಿ ಮತ್ತು ಮಂಗಳೂರು ಹಾಯಿಹಡಗುಗಳ ಕಾಲದ ಬಂದರುಗಳು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚುಗಳು ಹಾಯಿಹಡಗುಗಳಲ್ಲಿಯೂ ಸಾಗುತ್ತಿದ್ದವು. 1901ರಲ್ಲಿ ನಿರ್ಮಾಣವಾದ ಕಾಪುವಿನ ದೀಪಸ್ತಂಭ ಅದೇ ಕಾಲಕ್ಕೆ ಸೇರಿದುದು. ದ್ವಾರಕೆಯಿಂದ ಬಂದ ಹಡಗೊಂದು ಮಲ್ಪೆಯ ಬಳಿ ಬಿರುಗಾಳಿಗೆ ಸಿಲುಕಿದಾಗ ಮಧ್ವಾಚಾರ್ಯರು ಅದನ್ನು ಪಾರುಮಾಡಿದರೆಂದೂ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯಲ್ಲಿ ಉಡುಪಿಯ ಶ್ರೀಕೃಷ್ಣನ ವಿಗ್ರಹ ದೊರೆಯಿತೆಂದೂ ಐತಿಹ್ಯವಿದೆ.

ಪತ್ತೆಮಾರಿಯಲ್ಲಿ ಸಾಮಾನ್ಯವಾಗಿ ಎರಡು ಕೂವೆಮರಗಳಿದ್ದು, ಅವು ಮುಂದಕ್ಕೆ ಬಾಗಿರುತ್ತವೆ. ಪ್ರತಿಯೊಂದರಲ್ಲೂ ಉದ್ದನೆಯ ಓರೆ ಹಾಯಿದಂಡಕ್ಕೆ ಕಟ್ಟಿದ, ಹೆಚ್ಚುಕಡಿಮೆ ತ್ರಿಕೋನಾಕಾರದ ಹಾಯಿ ಇರುತ್ತದೆ. ಹಾಯಿದಂಡವನ್ನು ಎತ್ತುವ ದಪ್ಪ ಹಗ್ಗವು ಕೂವೆಮರದ ತುದಿಯಿಂದ ಹಿಂಬದಿಗೆ ಇಳಿಯುವುದರಿಂದ, ಅದೇ ಕೂವೆಮರಕ್ಕೆ ಹಿಂದಿನ ಆಧಾರವೂ ಆಗುತ್ತದೆ. ಪಕ್ಕದ ಆಧಾರ ಹಗ್ಗಗಳು ಕೆಲವೇ ಇದ್ದು, ಗಾಳಿ ಬೀಸುವ ಬದಿಯಲ್ಲಿ ಕಪ್ಪಿಗಳಿಂದ ಬಿಗಿಯಲ್ಪಡುತ್ತವೆ. ಹಡಗು ಗಾಳಿಗೆ ಬದಿ ಬದಲಿಸುವಾಗ ಹಾಯಿದಂಡವನ್ನು ನೆಟ್ಟಗೆ ನಿಲ್ಲಿಸಿ, ಕೂವೆಮರದ ಮುಂಭಾಗದಿಂದ ಇನ್ನೊಂದು ಪಕ್ಕಕ್ಕೆ ಸಾಗಿಸಿ, ಆ ಹಗ್ಗಗಳನ್ನೂ ಬಿಚ್ಚಿ ಇನ್ನೊಂದು ಬದಿಗೆ ಕಟ್ಟಲಾಗುತ್ತಿತ್ತು.

ಇಂತಹ ಮಾದರಿಗೆ ಯುರೋಪಿನ ಕ್ರಮದಂತೆ ಎರಡು ಪಕ್ಕಗಳಲ್ಲೂ ಸ್ಥಿರ ಹಗ್ಗಗಳನ್ನೂ ಮೆಟ್ಟಿಲುಗಳನ್ನೂ ಕಟ್ಟಿದರೆ ಹಾಯಿ ಚಲಿಸಲು ಎಡೆಯೇ ಉಳಿಯುವುದಿಲ್ಲ. ನೋಟಕ್ಕೆ ಸುಂದರವಾದರೂ ಅಂತಹ ಮಾದರಿ ತಪ್ಪು ಮಾಹಿತಿಯನ್ನು ನೀಡುತ್ತದೆ. ಮೂಲ ಹಡಗಿನಲ್ಲಿ ತೆಂಗಿನ ನಾರಿನ ಕತ್ತದ ಹಗ್ಗ ಬಳಕೆಯಲ್ಲಿದ್ದುದರಿಂದ ಇಲ್ಲಿ ಕಂದು ಛಾಯೆಯ ದಾರವೇ ಉಚಿತ.

ಹವೆಯ ಪರಿಣಾಮ

ಉಡುಪಿ, ಮಣಿಪಾಲ ಮತ್ತು ಕಾರ್ಕಳಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವಾಂಶ ಅಧಿಕ. ಹೊಸೆದ ಹತ್ತಿಯ ಹಗ್ಗ ತೇವ ಹೀರಿದಾಗ ಉಬ್ಬಿ, ಉದ್ದದಲ್ಲಿ ಕುಗ್ಗುತ್ತದೆ, ಒಣಗಿದಾಗ ಸಡಿಲಗೊಳ್ಳುತ್ತದೆ. ಬೇಸಗೆಯಲ್ಲಿ ಬಿಗಿಯಾಗಿ ಕಟ್ಟಿದ ಹಗ್ಗ ಮಳೆಗಾಲದಲ್ಲಿ ತೆಳುವಾದ ಕೂವೆಮರವನ್ನು ಬಗ್ಗಿಸಬಲ್ಲದು. ಪಾಲಿಯೆಸ್ಟರ್ ದಾರಕ್ಕೆ ಈ ತೊಂದರೆ ಕಡಿಮೆ. ಮಾದರಿಯನ್ನು ಬಿಸಿಲು ಬೀಳದೆಡೆ, ಗಾಳಿಯಾಡುವ ಗಾಜಿನ ಪೆಟ್ಟಿಗೆಯಲ್ಲಿ ಇರಿಸಿದರೆ ಧೂಳು ಮತ್ತು ಬೂಷ್ಟು ತಗಲುವುದು ಕಡಿಮೆಯಾಗುತ್ತದೆ.

ದಾಖಲೆಗಳು ಮತ್ತು ಮಹತ್ವ

ಭಾರತದ ಸಾಂಪ್ರದಾಯಿಕ ಹಡಗುಗಳು ಬಹುಮಟ್ಟಿಗೆ ನಕ್ಷೆಯಿಲ್ಲದೆ, ಕುಶಲಕರ್ಮಿಗಳ ನೆನಪು ಮತ್ತು ಕೈಯಳತೆಯಿಂದ ನಿರ್ಮಾಣವಾದವು. ಲಿಖಿತ ವಿವರಗಳಿಗೆ ಜಾನ್ ಎಡೈಯ 1834ರ ಲೇಖನ, ಫ್ರಾನ್ಸಿನ ನೌಕಾಧಿಕಾರಿ ಎಡ್ಮಂಡ್ ಪಾರಿಸ್ 1840ರ ದಶಕದಲ್ಲಿ ಪ್ರಕಟಿಸಿದ ನಕ್ಷೆಗಳು ಮತ್ತು ಜೇಮ್ಸ್ ಹಾರ್ನೆಲ್‌ನ 1920ರ ಅಧ್ಯಯನ ಮುಖ್ಯ ಆಕರಗಳಾಗಿವೆ. ಇಪ್ಪತ್ತನೆಯ ಶತಮಾನದಲ್ಲಿ ಯಂತ್ರಗಳು ಬಂದ ಬಳಿಕ ಹಾಯಿ ಮರೆಯಾಯಿತು. ಹಡಗಿನ ಒಡಲು ಉಳಿದೆಡೆಯಲ್ಲೂ ಹಗ್ಗಗಳ ವ್ಯವಸ್ಥೆ ಉಳಿಯಲಿಲ್ಲ.

ಅಜಂತಾದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ನಿರ್ಮಿಸಿದ 'ಕೌಂಡಿನ್ಯ' ಹಾಯಿಹಡಗು 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಸೇರಿತು. ಮೂಲ ನಕ್ಷೆ ಇಲ್ಲದುದರಿಂದ ಅದರ ವಿನ್ಯಾಸವನ್ನು ಹೊಸದಾಗಿ ರೂಪಿಸಬೇಕಾಯಿತು. ಮದರಾಸಿನ ಐಐಟಿಯಲ್ಲಿ ಮಾದರಿಯ ಮೂಲಕ ಪರೀಕ್ಷೆಗಳು ನಡೆದವು. ಕರಾವಳಿಯ ಹಳೆಯ ಹಡಗುಗಳ ವಿಷಯದಲ್ಲಿಯೂ, ಹಾಯಿ ನಡೆಸಿದ ಹಿರಿಯರಿಂದ ಹಗ್ಗಗಳ ಹೆಸರು ಮತ್ತು ಕೆಲಸವನ್ನು ಕೇಳಿ ಬರೆದುಕೊಂಡು, ಅದರಂತೆ ಕಟ್ಟಿದ ಮಾದರಿ ಆ ಜ್ಞಾನದ ದಾಖಲೆಯಾಗಬಲ್ಲದು.