ಔಷಧ ಚೀಟಿ ಬಿಡಿಸಿ ಹೇಳುವ ವಿದ್ಯೆ

ಬರೆದುಕೊಟ್ಟ ಔಷಧವನ್ನು ಯಾವಾಗ, ಎಷ್ಟು, ಎಷ್ಟು ದಿನ ತೆಗೆದುಕೊಳ್ಳಬೇಕೆಂದು ರೋಗಿಗೆ ತಿಳಿಯುವಂತೆ ಹೇಳುವುದು ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಪ್ರತ್ಯೇಕ ಪಾಠವಾದದ್ದು ತೀರ ಈಚೆಗೆ.

ಹಿಂದೆ ಆ ಕೆಲಸ ಬಹುಮಟ್ಟಿಗೆ ಕಾಂಪೌಂಡರನದಾಗಿತ್ತು. ಮಿಕ್ಸ್‌ಚರ್ ಬೆರೆಸಿ ಸೀಸೆಗೆ ತುಂಬಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದಕ್ಕೆ ಅಂಟಿಸುತ್ತಿದ್ದ. ಒಂದು ಹಲ್ಲಿನಷ್ಟು ಔಷಧ ಒಂದು ಹೊತ್ತಿಗೆ. ಓದು ಬಾರದವರಿಗೂ ಅಳತೆ ತಪ್ಪುತ್ತಿರಲಿಲ್ಲ. ಕಾರ್ಖಾನೆಯ ಮಾತ್ರೆಗಳು ಬಂದ ಮೇಲೆ ಸೀಸೆಯೂ ಪಟ್ಟಿಯೂ ಮರೆಯಾದವು, ಉಳಿದದ್ದು ಬಿ.ಡಿ., ಟಿ.ಡಿ.ಎಸ್. ಎಂಬ ಲ್ಯಾಟಿನ್ ಸಂಕ್ಷೇಪಗಳ ಚೀಟಿ.

ಈ ಚೀಟಿ ಬರೆಯಲು ಕಲಿಸುವ ವೈದ್ಯಕೀಯ ಕಾಲೇಜುಗಳು ದಾವಣಗೆರೆ, ಶಿವಮೊಗ್ಗ ಎರಡೂ ಜಿಲ್ಲಾ ಕೇಂದ್ರಗಳಲ್ಲಿವೆ. ದಾವಣಗೆರೆಯ ಜೆ.ಜೆ.ಎಂ. ಕಾಲೇಜು 1965ರದು. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯೇ ಸರ್ಕಾರಿ ಕಾಲೇಜಿನ ಬೋಧನಾ ಆಸ್ಪತ್ರೆ. ಪಾಠ ಇಂಗ್ಲಿಷಿನಲ್ಲಿ, ರೋಗಿಯ ಮಾತು ಕನ್ನಡದಲ್ಲಿ. ಹೊರರಾಜ್ಯದಿಂದ ಬಂದ ವಿದ್ಯಾರ್ಥಿಗೆ ಈ ಅಂತರ ಇನ್ನೂ ದೊಡ್ಡದು.

1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಔಷಧ ಬರೆಯುವ ಕೈಪಿಡಿಯು, ರೋಗಿಗೆ ಮಾಹಿತಿ, ಸೂಚನೆ, ಎಚ್ಚರಿಕೆ ಕೊಡುವುದನ್ನು ಚಿಕಿತ್ಸೆಯದೇ ಒಂದು ಹಂತವೆಂದು ಎಣಿಸಿತು. ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿ, ಔಷಧವನ್ನು ಜೆನೆರಿಕ್ ಹೆಸರಿನಲ್ಲಿ, ಓದಲು ಬರುವಂತೆ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದಿತು. 2019ರ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಇನ್ನೂ ಮುಂದೆ ಹೋಯಿತು. ಔಷಧದ ಬಳಕೆ, ಸಂಗ್ರಹಗಳ ಬಗ್ಗೆ ರೋಗಿಯೊಡನೆ ಮಾತಾಡುವುದು ಫಾರ್ಮಕಾಲಜಿಯಲ್ಲಿ ಕಲಿಯಲೇಬೇಕಾದ ಕೌಶಲವಾಯಿತು. ಮೊದಲ ವರ್ಷದ ಬುನಾದಿ ತರಗತಿಯಲ್ಲಿ ಸ್ಥಳೀಯ ಭಾಷೆಗೂ ಜಾಗ ದೊರೆಯಿತು.

ಕಬ್ಬಿಣಾಂಶದ ಮಾತ್ರೆಯನ್ನೇ ನೋಡಬಹುದು. "ದಿನಕ್ಕೊಂದು" ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. "ಕಾಫಿ, ಟೀ ಜೊತೆ ತಗೋಬೇಡಮ್ಮ. ಮಲ ಕಪ್ಪಗಾದ್ರೆ ಹೆದರಬೇಡ, ಮಾತ್ರೆ ನಿಲ್ಲಿಸಬೇಡ" ಎಂದೂ ಹೇಳಬೇಕು. ಹೇಳದೆ ಬಿಟ್ಟರೆ ಗರ್ಭಿಣಿ ಗಾಬರಿಯಾಗಿ ಮಾತ್ರೆ ಬಿಡಬಹುದು. ರಕ್ತಹೀನತೆ ಹಾಗೆಯೇ ಉಳಿಯುತ್ತದೆ. ಕೊನೆಗೆ "ಹೇಗೆ ತಗೋತೀಯ, ಒಮ್ಮೆ ಹೇಳು" ಎಂದು ಆಕೆಯ ಬಾಯಲ್ಲೇ ಹೇಳಿಸುವುದು ಈ ಪಾಠದ ಮುಖ್ಯ ಭಾಗ.

ಮಾತ್ರೆಯ ಆಯ್ಕೆ ಎಷ್ಟೇ ಸರಿಯಿದ್ದರೂ ರೋಗಿಗೆ ಅರ್ಥವಾಗದ ಚೀಟಿ ಅರೆ ಚಿಕಿತ್ಸೆಯೇ. ಔಷಧದ ಜ್ಞಾನಕ್ಕೆ ಕೊಡುವಷ್ಟೇ ತೂಕವನ್ನು ಈ ಮಾತಿಗೂ ಪರೀಕ್ಷೆಯಲ್ಲಿ ಕೊಡಬೇಕು.