ಖಡಕವಾಸ್ಲಾ ಒಡೆದ ದಿನ ಮತ್ತು ಪುಣೆ ಕ್ಯಾಂಪ್

ಪುಣೆ ಕ್ಯಾಂಪ್ ಮುಠಾ ನದಿಯ ದಂಡೆಯಿಂದ ದೂರವಾಗಿ ಎತ್ತರದ ನೆಲದ ಮೇಲಿದೆ. 1961ನೆಯ ಜುಲೈ 12ರಂದು ಆ ನದಿಯು ಶನಿವಾರ, ನಾರಾಯಣ, ಕಸಬಾ ಮೊದಲಾದ ಪೇಟೆಗಳನ್ನು ಮುಳುಗಿಸಿದಾಗ ಕ್ಯಾಂಪಿನ ಅಂಗಡಿಬೀದಿಗಳು ನೆರೆಗೆ ಸಿಕ್ಕಲಿಲ್ಲ. ಆದರೆ ನೆಲವು ಒಣಗಿದ್ದ ಮಾತ್ರಕ್ಕೆ ವ್ಯವಹಾರವು ಸುರಕ್ಷಿತವಾಗಿತ್ತೆಂದು ಹೇಳುವಂತಿಲ್ಲ. ನಗರದಂತೆಯೇ ಕ್ಯಾಂಪಿನ ನೀರಿಗೂ ಆಧಾರವಾಗಿದ್ದುದು ಅಂದು ಒಡೆದ ಖಡಕವಾಸ್ಲಾ ಜಲಾಶಯವೇ.

ಫೈಫ್ ಸರೋವರವೆಂದು ಹೆಸರಾದ ಈ ಜಲಾಶಯವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ನಿರ್ಮಾಣ. ಅದರ ಇತಿಹಾಸದಲ್ಲಿ ಕನ್ನಡಿಗರಿಗೆ ಅಭಿಮಾನದ ಸಂಗತಿಯೊಂದುಂಟು. 1903ರಲ್ಲಿ ವಿಶ್ವೇಶ್ವರಯ್ಯನವರು ತಾವು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಇಲ್ಲಿ ಅಳವಡಿಸಿದರು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಡುವುದು, ನೆರೆ ಏರಿದಾಗ ತಾವಾಗಿ ತೆರೆದು ಇಳಿದಾಗ ಮುಚ್ಚಿಕೊಳ್ಳುವುದು ಅವುಗಳ ವೈಶಿಷ್ಟ್ಯ.

ಆದರೆ ಆ ಬಾಗಿಲುಗಳು ಮಳೆಯ ನೆರೆಗಾಗಿ ರಚಿತವಾದವು. ಮೇಲಿನ ಕೆರೆಯೊಂದು ಒಮ್ಮೆಲೇ ಬರಿದಾಗುವುದನ್ನು ತಡೆಯಲಲ್ಲ. ಆಂಬಿ ನದಿಯ ಮೇಲೆ ಕಟ್ಟಲಾಗುತ್ತಿದ್ದ ಪಾನಶೇತ್ ಅಣೆಕಟ್ಟಿನ ಮಣ್ಣಿನ ಏರಿ ಕುಸಿಯತೊಡಗಿದಾಗ ಸೈನಿಕರು ರಾತ್ರಿಯೆಲ್ಲ ಮರಳುಚೀಲಗಳನ್ನು ಪೇರಿಸಿದರು. ಬೆಳಿಗ್ಗೆ ಏರಿ ಒಡೆಯಿತು. ಕೆಳಗಿನ ಖಡಕವಾಸ್ಲಾ ಕೆಲವು ಗಂಟೆಗಳ ಕಾಲ ತಡೆದು ನಿಂತು, ಕಡೆಗೆ ತಾನೂ ಬಿರಿಯಿತು. ಪೇಟೆಗಳಿಗೆ ನೆರೆ, ಇಡೀ ಊರಿಗೆ ನೀರಿನ ಬರ ಒಂದೇ ದಿನ ಬಂದವು. ಯಂತ್ರವು ತನ್ನ ಕೆಲಸದಲ್ಲಿ ಎಷ್ಟೇ ನಿಪುಣವಾಗಿದ್ದರೂ, ಅದು ಸೋತ ಮೇಲೆ ನಡೆಯಬೇಕಾದುದನ್ನು ಮನುಷ್ಯರೇ ಮೊದಲು ಯೋಚಿಸಿಡಬೇಕೆಂಬುದು ಇದರಿಂದ ಸ್ಪಷ್ಟ.

ಎರಡೂ ಅಣೆಕಟ್ಟುಗಳು ಮುಂದೆ ಪುನರ್ನಿರ್ಮಾಣಗೊಂಡವು. ವರಸಗಾಂವ್, ತೇಮಘರ್ ಜಲಾಶಯಗಳು ಕೂಡಿಕೊಂಡವು. ಸಂಗ್ರಹವು ನಾಲ್ಕಾದರೂ ಮೇಲಿನ ಮೂರರ ನೀರೂ ಖಡಕವಾಸ್ಲಾದ ಮೂಲಕವೇ ಹಾಯಬೇಕು. ಸಂಗ್ರಹಗಳ ಸಂಖ್ಯೆ ಬೇರೆ, ಪರಸ್ಪರ ಅವಲಂಬಿಸದ ದಾರಿಗಳ ಸಂಖ್ಯೆ ಬೇರೆ.

ಇಂದು ಲೆಕ್ಕಪತ್ರಗಳನ್ನು ಕಂಪ್ಯೂಟರಿಗೆ ಒಪ್ಪಿಸಿರುವ ವ್ಯಾಪಾರಸಂಸ್ಥೆಗಳಿಗೂ ಇದೇ ಅಳತೆಗೋಲು ಸಲ್ಲುತ್ತದೆ. ಎರಡು ಪ್ರತಿಗಳಿದ್ದು, ಎರಡೂ ಒಂದೇ ಕಟ್ಟಡದಲ್ಲಿ ಒಂದೇ ವಿದ್ಯುತ್ತಂತಿಯನ್ನು ನೆಚ್ಚಿಕೊಂಡಿದ್ದರೆ ಅವು ವಸ್ತುತಃ ಒಂದೇ. ದೂರದ ಊರಿನಲ್ಲೊಂದು ಪ್ರತಿ, ಅದನ್ನು ಆಗಾಗ ತೆರೆದು ನೋಡುವ ಪರಿಪಾಠ, ಆಪತ್ತಿನಲ್ಲಿ ಯಾರು ಯಾರನ್ನು ಎಚ್ಚರಿಸಬೇಕೆಂಬ ಮುನ್ನಿರ್ಣಯ, ಯಂತ್ರವಿಲ್ಲದೆ ಕೆಲವು ದಿನ ಕೆಲಸ ಸಾಗಿಸುವ ಅಭ್ಯಾಸ ಇವು ಅವಶ್ಯ. ಪಾನಶೇತ್‌ಗೂ ಖಡಕವಾಸ್ಲಾಕ್ಕೂ ನಡುವೆ ದೊರೆತ ಕೆಲವು ಗಂಟೆಗಳಂತಹ ಅವಕಾಶವು ಸಿದ್ಧರಾಗಿದ್ದವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ.