ದನಕ್ಕ ಮೇವು ಹಾಕಿದಾಂವ ಯಾರು?

ಜರ್ಮನಿಯ ಬವೇರಿಯಾದಾಗ ಹಿಂಟರ್‌ಕೈಫೆಕ್ ಅಂತ ಊರ ಹೊರಗ ಒಂದು ಒಂಟಿ ತೋಟದ ಮನಿ ಇತ್ತು. 1922ರ ಮಾರ್ಚ್ 31ರ ರಾತ್ರಿ ಅಲ್ಲಿ ಆರು ಮಂದಿದು ಕೊಲಿ ಆತು. ಯಜಮಾನ ಆಂದ್ರೆಯಾಸ್ ಗ್ರೂಬರ್, ಅವನ ಹೆಂಡತಿ, ವಿಧವೆ ಮಗಳು ವಿಕ್ಟೋರಿಯಾ, ಆಕಿ 7 ವರ್ಷದ ಮಗಳು, 2 ವರ್ಷದ ಕೂಸು, ಮತ್ತ ಕೆಲಸದಾಕಿ ಮರಿಯಾ. ನೆರಿಯವರು ಹೋಗಿ ನೋಡಿದ್ದು ಏಪ್ರಿಲ್ 4ಕ್ಕ.

ಮನಿ ನಡಸೋಕಿ ನಾನು. ನನಗ ಕಾಡೋ ಪ್ರಶ್ನಿ ಬ್ಯಾರೇನ ಅದ. ಆ ನಾಲ್ಕು ದಿನ ದನಕ್ಕ ಮೇವು ಬಿದ್ದಿತ್ತು, ಅಡಗಿಮನ್ಯಾಗ ಯಾರೋ ಉಂಡಿದ್ರು, ಚಿಮಣಿಯಿಂದ ಹೊಗಿ ಬಂದಿತ್ತು. ಕೊಂದಾಂವ ಓಡೋದು ಬಿಟ್ಟು ಯಾಕ ಉಳದ? ಹಸಿದ ದನ ಒದರಿದ್ರ ನೆರಿಯವರಿಗೆ ಸಂಶಯ ಬರ್ತದ ಅಂತೋ? ಇಲ್ಲಾ ದನದ ಸಂಕಟ ನೋಡಲಿಕ್ಕಾಗದ ರೈತನೋ? ಹಂಗಿದ್ರ ತೊಟ್ಟಿಲ ಕೂಸಿನ ಮ್ಯಾಲೆ ಕೈ ಹ್ಯಾಂಗ ಎತ್ತಿದ?

ಕಳವು ಅನ್ನೋಣಂದ್ರ ಮನ್ಯಾಗ ರೊಕ್ಕ ಹಂಗ ಇತ್ತು. ಕೊಲಿಗೆ ಮೊದಲ ಗ್ರೂಬರ್ ಹಿಮದಾಗ ಮನಿ ಕಡೆ ಬಂದ ಹೆಜ್ಜಿ ನೋಡಿದ್ದ. ತಿರುಗಿ ಹೋದ ಹೆಜ್ಜಿ ಇರಲಿಲ್ಲ. ಮನಿ ಕೀಲಿಕೈನೂ ಕಳದಿತ್ತು. ನೆರಿಯವರಿಗೆ ಹೇಳಿದಾಂವ ಪೊಲೀಸರಿಗೆ ಯಾಕ ಹೇಳಲಿಲ್ಲ? 1923ರಾಗ ಮನಿ ಕೆಡವಿದಾಗ ಕೊಲಿಗೆ ಬಳಸಿದ ಗುದ್ದಲಿ ಅಟ್ಟದಾಗ ಸಿಕ್ತು. ಮನಿಯ ಮೂಲಿ ಮೂಲಿ ಗೊತ್ತಿದ್ದಾಂವನ ಇರಬೇಕು.

ಮರಿಯಾ ಕೆಲಸಕ್ಕ ಸೇರಿದ್ದು ಅವತ್ತ. ಒಡಹುಟ್ಟಿದಾಕಿ ಬಂದು ಬಿಟ್ಟು ಹೋಗಿದ್ಲು. ಆ ಮನಿ ಜಗಳ, ಗುಟ್ಟು ಯಾವದೂ ಆಕಿಗೆ ಸಂಬಂಧ ಇರಲಿಲ್ಲ. ಕೊಂದಾಂವ ಯಾರಂತ ನೂರು ವರ್ಷ ದಾಟಿದ್ರೂ ಸಾಬೀತಾಗಿಲ್ಲ. ಒಂದು ದಿನ ತಡಾ ಮಾಡಿ ಬಂದಿದ್ರ ಆಕಿ ಬದುಕತಿದ್ಲು ನೋಡ್ರಿ.